ಪದವಿಯ ಹಕ್ಕೂ ಘಟಿಕೋತ್ಸವದ ಅರ್ಜಿಯೂ

ಪರೀಕ್ಷೆಯಲ್ಲಿ ತೇರ್ಗಡೆಯಾದವನು ಪದವೀಧರನಾದನೆಂದು ಲೋಕವು ತಿಳಿಯುವುದು ಸಹಜವೇ. ಆದರೆ ವಿಶ್ವವಿದ್ಯಾನಿಲಯದ ಲೆಕ್ಕದಲ್ಲಿ ಅವನು ಪದವಿಗೆ ಅರ್ಹನಾದವನೇ ಹೊರತು ಪದವಿಯನ್ನು ಪಡೆದವನಲ್ಲ. ಘಟಿಕೋತ್ಸವದ ಪ್ರಕಟಣೆ ಹೊರಡಬೇಕು, ಗೊತ್ತುಪಡಿಸಿದ ದಿನದೊಳಗೆ ಅರ್ಜಿ ಹಾಕಬೇಕು, ಶುಲ್ಕ ಕಟ್ಟಬೇಕು, ಸಭೆಗೆ ಖುದ್ದಾಗಿ ಬರುವೆನೋ, ಗೈರುಹಾಜರಿಯಲ್ಲಿ ಪದವಿ ಸ್ವೀಕರಿಸುವೆನೋ ಎಂಬುದನ್ನು ತಿಳಿಸಬೇಕು. ಇಷ್ಟೆಲ್ಲ ಆದ ಮೇಲೆಯೇ ಅವನ ಕೈಗೆ ಪ್ರಮಾಣಪತ್ರ ಬರುವುದು. ನಮ್ಮ ನಾಡಿನ ಅನೇಕ ವಿಶ್ವವಿದ್ಯಾನಿಲಯಗಳಲ್ಲಿ ನಡೆದುಬಂದಿರುವ ಈ ಕ್ರಮವು ಎಷ್ಟರ ಮಟ್ಟಿಗೆ ನ್ಯಾಯವಾದುದೆಂಬುದನ್ನು ಹೊನ್ನಾಳಿಯಂತಹ ತಾಲ್ಲೂಕು ಕೇಂದ್ರದ ದೃಷ್ಟಿಯಿಂದ ವಿಚಾರಮಾಡುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.

ಘಟಿಕೆಯೆಂಬ ಮಾತು ಈ ಸೀಮೆಗೆ ಹೊಸದಲ್ಲ. ನೆರೆಯ ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನವು, ಕದಂಬ ಮಯೂರಶರ್ಮನು ಗುರು ವೀರಶರ್ಮನೊಡನೆ ಕಾಂಚಿಯ ಘಟಿಕೆಗೆ ವಿದ್ಯಾರ್ಥಿಯಾಗಿ ಹೋದುದನ್ನು ಹೇಳುತ್ತದೆ. ಅಲ್ಲಿ ಪಲ್ಲವರ ಅಶ್ವಾರೋಹಿಯೊಡನೆ ಕಲಹವಾಗಿ, ಆತನು ದರ್ಭೆ ಹಿಡಿದ ಕೈಯಲ್ಲಿ ಖಡ್ಗ ಹಿಡಿದು ರಾಜ್ಯವನ್ನೇ ಕಟ್ಟಿದನು. ವಿದ್ಯೆಯನ್ನು ಅರ್ಧಕ್ಕೆ ಬಿಟ್ಟವನು ರಾಜನಾಗಬಹುದಾದ ಕಾಲ ಅದು. ಇಂದು ಪ್ರಮಾಣಪತ್ರವಿಲ್ಲದವನು ಗುಮಾಸ್ತನೂ ಆಗಲಾರ.

ಕಳೆದ ಒಂದು ಶತಮಾನದಲ್ಲಿ ವಿಶ್ವವಿದ್ಯಾನಿಲಯವು ಹೊನ್ನಾಳಿಗೆ ಹಂತಹಂತವಾಗಿ ಸಮೀಪಿಸಿದೆ. 1916 ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರು ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿದರು. 1918 ರಲ್ಲಿ ಅದರ ಮೊದಲ ಘಟಿಕೋತ್ಸವ ನಡೆದು, ಕಲ್ಕತ್ತೆಯ ಸರ್ ಆಶುತೋಷ ಮುಖರ್ಜಿಯವರು ಭಾಷಣ ಮಾಡಿದರು. 1987 ರಲ್ಲಿ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾನಿಲಯವು ಹುಟ್ಟಿತು. ಆಗ ಹೊನ್ನಾಳಿಯು ಶಿವಮೊಗ್ಗ ಜಿಲ್ಲೆಗೆ ಸೇರಿತ್ತು. 1997 ರಲ್ಲಿ ದಾವಣಗೆರೆ ಜಿಲ್ಲೆಯಾಯಿತು. 2009 ರಲ್ಲಿ ತೋಳಹುಣಸೆಯ ಶಿವಗಂಗೋತ್ರಿಯಲ್ಲಿ ದಾವಣಗೆರೆ ವಿಶ್ವವಿದ್ಯಾನಿಲಯವೂ ಆಯಿತು. ಒಂದೇ ಮನೆಯಲ್ಲಿ ಅಜ್ಜನು ಮೈಸೂರಿನ, ತಂದೆಯು ಕುವೆಂಪು ವಿಶ್ವವಿದ್ಯಾನಿಲಯದ, ಮೊಮ್ಮಗಳು ದಾವಣಗೆರೆಯ ಪದವಿಯನ್ನು ಪಡೆದಿರುವುದು ಅಸಂಭವವಲ್ಲ. ದಾರಿಯ ದೂರವು ಹೀಗೆ ಕಡಮೆಯಾದರೂ ಕಚೇರಿಯ ದೂರವು ಕಡಮೆಯಾಗಲಿಲ್ಲವೆಂಬುದೇ ಶೋಚನೀಯ ಸಂಗತಿ.

ತುಂಗಭದ್ರೆಯ ದಡದ ಹಳ್ಳಿಯೊಂದರ ರೈತನ ಮಗಳು, ತನ್ನ ವಂಶದಲ್ಲಿಯೇ ಮೊದಲಿಗಳಾಗಿ, ಬಿ.ಎ. ಮುಗಿಸಿದಳೆಂದು ಭಾವಿಸೋಣ. ಫಲಿತಾಂಶ ಬಂದೊಡನೆ ಅವಳ ಕಾಲೇಜಿನ ಸಂಬಂಧವು ಹೆಚ್ಚುಕಡಮೆ ಮುಗಿಯಿತು. ಘಟಿಕೋತ್ಸವದ ಪ್ರಕಟಣೆಯು ಎಂದೋ ಜಾಲತಾಣದಲ್ಲಿ ಹೊರಡುತ್ತದೆ. ಅವಳು ನಾಟಿಯ ಕೆಲಸದಲ್ಲಿಯೋ ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿಯೋ ಇರುತ್ತಾಳೆ. ಕಡೆಯ ದಿನ ಕಳೆದರೆ ದಂಡಶುಲ್ಕ, ಇಲ್ಲವೇ ಮುಂದಿನ ಘಟಿಕೋತ್ಸವದವರೆಗೆ ನಿರೀಕ್ಷೆ. ಈ ನಡುವೆ ಉದ್ಯೋಗಕ್ಕೆ ಕರೆ ಬಂದರೆ ಮೂಲ ದಾಖಲೆಗಳ ಪರಿಶೀಲನೆಯ ದಿನ ತಾತ್ಕಾಲಿಕ ಪ್ರಮಾಣಪತ್ರಕ್ಕಾಗಿ ಮತ್ತೊಂದು ಅರ್ಜಿ, ಮತ್ತೊಂದು ಶುಲ್ಕ, ಮತ್ತೊಂದು ಪ್ರಯಾಣ. ಊರಿನಲ್ಲಿ ಅನುಕೂಲಸ್ಥರ ಮಕ್ಕಳು ಇದನ್ನು ಸಣ್ಣ ತೊಡಕೆಂದು ದಾಟಿಹೋಗುವರು. ದಿನದ ಕೂಲಿಯನ್ನು ಬಿಟ್ಟು ಹೋಗಬೇಕಾದವರಿಗೆ ಅದು ಸಣ್ಣದಲ್ಲ.

ಅಧಿಕಾರಿಗಳ ಪಕ್ಷದಲ್ಲಿಯೂ ಹೇಳತಕ್ಕದ್ದುಂಟು. ಹೆಸರು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ತಪ್ಪಿಲ್ಲದೆ ಅಚ್ಚಾಗಬೇಕು. ಅಂಚೆಯ ವಿಳಾಸ ತಿಳಿಯಬೇಕು. ಸಭೆಗೆ ಎಷ್ಟು ಮಂದಿ ಬರುವರೆಂಬ ಅಂದಾಜು ಬೇಕು. ಅಚ್ಚಿನ ವೆಚ್ಚವೂ ಇದೆ. ಇವು ಯುಕ್ತವಾದ ಕಾರಣಗಳೇ. ಆದರೆ ವಿದ್ಯಾರ್ಥಿಯ ಹೆಸರು ಪ್ರವೇಶದ ದಿನದಿಂದಲೇ ವಿಶ್ವವಿದ್ಯಾನಿಲಯದ ದಫ್ತರದಲ್ಲಿದೆ. ಪ್ರತಿ ಪರೀಕ್ಷೆಗೂ ಅರ್ಜಿಯನ್ನೂ ಶುಲ್ಕವನ್ನೂ ಸ್ವೀಕರಿಸಿದವರು ಅವರೇ. ಹೆಸರಿನ ತಿದ್ದುಪಡಿ ಬೇಕಾದರೆ ಕಡೆಯ ಪರೀಕ್ಷೆಯ ಅರ್ಜಿಯಲ್ಲಿಯೇ ಕೇಳಬಹುದು. ಸಭೆಗೆ ಬರುವೆನೆಂಬುದಕ್ಕೆ ಅರ್ಜಿ ಬೇಡುವುದು ಸರಿ. ಪರಿಶ್ರಮದಿಂದ ಗಳಿಸಿದ ಪದವಿಗೇ ಅರ್ಜಿ ಬೇಡುವುದು ಸರಿಯಲ್ಲ. ಈ ಎರಡನ್ನೂ ಒಂದೇ ನಮೂನೆಯಲ್ಲಿ ಹೊಲಿದಿರುವುದೇ ತೊಂದರೆಯ ಮೂಲ.

ಕಾನೂನು ಸಹ ವಿದ್ಯಾರ್ಥಿಯ ಪರವಾಗಿಯೇ ಇದೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2008 ರ ನಿಯಮಾವಳಿಯು, ವಿದ್ಯಾರ್ಥಿಯು ಅರ್ಹನಾಗಬೇಕಾದ ದಿನದಿಂದ 180 ದಿನಗಳೊಳಗೆ ಪದವಿಯನ್ನು ಪ್ರದಾನಮಾಡಬೇಕೆಂದು ವಿಧಿಸಿದೆ. 2016 ರ ಕೇಂದ್ರ ನಿಯಮಗಳ ಪ್ರಕಾರ ಡಿಜಿಲಾಕರಿನ ಮೂಲಕ ನೀಡಲಾದ ದಾಖಲೆಯು ಕಾಗದದ ಮೂಲಪ್ರತಿಗೆ ಸಮಾನವಾದುದು. ರಾಷ್ಟ್ರೀಯ ಶೈಕ್ಷಣಿಕ ಭಂಡಾರವು ಏರ್ಪಟ್ಟಿರುವುದೂ ಈ ಉದ್ದೇಶಕ್ಕಾಗಿಯೇ. ಹೀಗಿರುವಾಗ ಗಣ್ಯರ ಬಿಡುವಿಗಾಗಿ, ಸಭಾಂಗಣದ ಸಿದ್ಧತೆಗಾಗಿ ಸಾವಿರಾರು ಮಂದಿಯ ಪದವಿಯು ಕಾದು ಕುಳಿತಿರಬೇಕಾದುದಿಲ್ಲ. ಉತ್ಸವವು ತಡವಾಗಬಹುದು; ಪದವಿಯು ತಡವಾಗಕೂಡದು.

ಹಾಗೆಂದು ಉತ್ಸವವೇ ವ್ಯರ್ಥವೆಂದು ವಾದಿಸುವವರ ಪಕ್ಷ ನಮ್ಮದಲ್ಲ. ಓದು ತಿಳಿಯದ ತಾಯಿತಂದೆಗಳು ತಮ್ಮ ಮಗುವಿನ ವಿದ್ಯೆಗೆ ಸಭೆಯು ಗೌರವ ಸಲ್ಲಿಸುವುದನ್ನು ಕಣ್ಣಾರೆ ಕಾಣುವ ಸಂದರ್ಭ ಅದೊಂದೇ. ಆದರೆ ನಡೆಯುತ್ತಿರುವುದೇನು? ಕುಲಾಧಿಪತಿಗಳಾದ ರಾಜ್ಯಪಾಲರ ಹಸ್ತದಿಂದ ಸಾಮಾನ್ಯವಾಗಿ ಚಿನ್ನದ ಪದಕ ಗಳಿಸಿದವರೂ ಡಾಕ್ಟರೇಟು ಪಡೆದವರೂ ಗೌರವ ಪದವಿಯ ಗಣ್ಯರೂ ವೇದಿಕೆಯಲ್ಲಿ ಸ್ವೀಕರಿಸುತ್ತಾರೆ. ಉಳಿದವರ ಪದವಿಯು ಸಾಮೂಹಿಕವಾಗಿ ಘೋಷಿತವಾಗಿ, ಕಾಗದವು ಕಾಲೇಜಿಗೋ ಮನೆಗೋ ಹೋಗುತ್ತದೆ. ಎಲ್ಲರನ್ನೂ ಒಂದೇ ವೇದಿಕೆಗೆ ಕರೆಯುವುದು ಅಸಾಧ್ಯವೆಂಬುದನ್ನು ನಾವು ಬಲ್ಲೆವು. ಆದುದರಿಂದಲೇ ವೇದಿಕೆಯು ಊರಿಗೆ ಬರಬೇಕು.

ನಮ್ಮ ಸೂಚನೆಗಳು ಮೂರು. ಮೊದಲನೆಯದು, ಫಲಿತಾಂಶದ ನಂತರ ಅರ್ಜಿಯಿಲ್ಲದೆಯೇ ಗೊತ್ತಾದ ಅವಧಿಯೊಳಗೆ ಪದವಿಯನ್ನು ದಾಖಲೆಮಾಡಿ, ವಿದ್ಯಾರ್ಥಿಗೆ ತಿಳಿಸತಕ್ಕದ್ದು. ಎರಡನೆಯದು, ಘಟಿಕೋತ್ಸವದ ದಿನವನ್ನು ವರ್ಷಾರಂಭದ ಪಂಚಾಂಗದಲ್ಲಿಯೇ ಪ್ರಕಟಿಸಿ, ತಿಳಿವಳಿಕೆಯನ್ನು ಪ್ರತಿಯೊಂದು ಕಾಲೇಜಿನ ಫಲಕಕ್ಕೂ ಪ್ರತಿಯೊಬ್ಬರ ದೂರವಾಣಿಗೂ ಕನ್ನಡದಲ್ಲಿ ಕಳುಹಿಸತಕ್ಕದ್ದು. ಮೂರನೆಯದು, ಹೊನ್ನಾಳಿ, ಚನ್ನಗಿರಿ, ಜಗಳೂರುಗಳಂತಹ ಕೇಂದ್ರಗಳ ಕಾಲೇಜುಗಳಲ್ಲಿ ಪದವಿಪ್ರದಾನದ ಸಭೆಗಳನ್ನು ನಡೆಸಿ, ತೇರ್ಗಡೆಯಾದ ಪ್ರತಿಯೊಬ್ಬರ ಹೆಸರನ್ನೂ ಕೂಗಿ, ಹೆತ್ತವರ ಸಮಕ್ಷಮದಲ್ಲಿ ಪ್ರಮಾಣಪತ್ರವನ್ನು ಕೊಡತಕ್ಕದ್ದು. ಇದಕ್ಕೆ ದೊಡ್ಡ ಚಪ್ಪರವೂ ಬೇಡ, ಬಾಡಿಗೆಯ ಕರಿಯ ನಿಲುವಂಗಿಯೂ ಬೇಡ.

ವಿಶ್ವವಿದ್ಯಾನಿಲಯವು ದಾತನಲ್ಲ, ವಿದ್ಯಾರ್ಥಿಯು ಯಾಚಕನೂ ಅಲ್ಲ. ಪ್ರಜೆಗಳ ತೆರಿಗೆಯಿಂದ ನಡೆಯುವ ಸಂಸ್ಥೆಯು ಪ್ರಜೆಯ ಮಗನಿಗೆ ಸಲ್ಲತಕ್ಕುದನ್ನು ಕೇಳುವ ಮೊದಲೇ ಸಲ್ಲಿಸುವುದು ಅದರ ಧರ್ಮ. ಉನ್ನತ ಶಿಕ್ಷಣದ ಮಂತ್ರಿಗಳೂ ವಿಶ್ವವಿದ್ಯಾನಿಲಯಗಳ ಸಿಂಡಿಕೇಟುಗಳೂ ಈ ವಿಷಯವನ್ನು ಮುಂದಿನ ಘಟಿಕೋತ್ಸವದ ಪ್ರಕಟಣೆ ಹೊರಡುವ ಮೊದಲೇ ಪರ್ಯಾಲೋಚಿಸಬೇಕು. ತಾಲ್ಲೂಕುಗಳ ಮಹಾಜನರೂ ಇದನ್ನು ವಿದ್ಯಾರ್ಥಿಗಳ ಪಾಡೆಂದು ಬಿಡದೆ ತಮ್ಮ ಮಾತನ್ನು ಅವರಿಗೆ ಮುಟ್ಟಿಸಬೇಕು ಎಂದು ನಾವು ಬಿನ್ನವಿಸುತ್ತೇವೆ.