ಸಾಲೋಟಗಿಯವರು ಮಾಡಿದ್ದನ್ನು ನಾವೇಕೆ ಮಾಡಬಾರದು?

ವಿಜಯಪುರ ಜಿಲ್ಲೆಯ ಇಂಡಿಯಿಂದ ಸಾಲೋಟಗಿ ಬಹಳ ದೂರವಿಲ್ಲ. 945ರಲ್ಲಿ, ರಾಷ್ಟ್ರಕೂಟರ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಅಲ್ಲಿ ತ್ರಯೀಪುರುಷರ (ಬ್ರಹ್ಮ-ವಿಷ್ಣು-ಮಹೇಶ್ವರರ) ಗುಡಿಯ ಜೊತೆಗೆ ಓದುವವರಿಗೊಂದು ಶಾಲೆಯನ್ನೂ ಕಟ್ಟಿಸಿದ. ನಾನಾ ನಾಡಿನಿಂದ ಬಂದ ವಿದ್ಯಾರ್ಥಿಗಳಿಗೆ 27 ಮನೆ, ಮಾಸ್ತರರಿಗೆ 50 ನಿವರ್ತನ (ಆಗಿನ ಭೂ ಅಳತೆ) ಹೊಲ, ದೀಪಕ್ಕೆಂದೇ 12 ನಿವರ್ತನ. ಊರಲ್ಲಿ ಮದುವೆಯಾದರೆ ಐದು ನಾಣ್ಯ, ಮುಂಜಿಯಾದರೆ ಎರಡೂವರೆ ಶಾಲೆಗೆ ಸಲ್ಲಬೇಕು. ದೀಪದ ಎಣ್ಣೆಯನ್ನೂ ಮರೆಯದ ಜನ! ಅದು ಅಗ್ರಹಾರದ ಶಾಲೆ, ಎಲ್ಲರಿಗೂ ತೆರೆದದ್ದಲ್ಲ, ನಿಜ. ಆ ಕೊರತೆ ತುಂಬಲು ಬಸವಣ್ಣ ಹುಟ್ಟಿದ ನೆಲದವರಿಗೆ ಯಾರ ಅಪ್ಪಣೆ ಬೇಕು?

ಈಗ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹಳ್ಳಿಗಳನ್ನೊಮ್ಮೆ ಸುತ್ತಿ ಬನ್ನಿ. ಪಟ್ಟಿ ಎತ್ತಿ ಸಿಮೆಂಟಿನ ಹೊಸ ಗುಡಿ ಕಟ್ಟಿದ ಮೇಲೆ ಹಳೆಯ ಕಲ್ಲುಗುಡಿಯ ಕಸ ಹೊಡೆಯುವವರಿಲ್ಲ. ಸ್ವಾಮಿಗಳಿಲ್ಲದ ಮಠದ ಪಡಸಾಲೆಯಲ್ಲಿ ಕಣಿಕೆ ಒಟ್ಟಿದೆ. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟವರು ದೇವರನ್ನು ಹೊತ್ತು ತಂದರು; ಗೋಡೆ ತರಲಾಗಲಿಲ್ಲ. ಜಾಲಿ ಬೆಳೆಯಿತು, ಇಸ್ಪೀಟು ಬಂತು, ನಿಧಿಯಾಸೆಗೆ ಗರ್ಭಗುಡಿಯ ನೆಲ ಅಗೆದರು. ಇದಕ್ಕೆಲ್ಲ ಸುಮ್ಮನಿದ್ದ ನಾವು, ಅಲ್ಲಿ ಮಕ್ಕಳು ಕೂತು ಓದಲಿ ಎಂದೊಡನೆ ‘ದೇವರ ಜಾಗಾರೀ, ಮೈಲಿಗಿ ಆಗ್ತದ’ ಅನ್ನುತ್ತೇವೆ. ನಾಚಿಕೆಯಾಗಬೇಕು.

ಹಾಗೆಂದು ಮನಬಂದಂತೆ ಬಳಸಲಾಗದು. ಬ್ರಿಟಿಷರ ಕಾಲದಲ್ಲಿ ವಿಜಯಪುರದ ಒಂದು ಮಸೀದಿ ಡಾಕ್ ಬಂಗಲೆಯಾಗಿತ್ತು, ಇನ್ನೊಂದು ಅಂಚೆ ಕಚೇರಿ. ಕೊನೆಗೆ ವೈಸರಾಯ್ ಕರ್ಜನ್ನನೇ ಎರಡನ್ನೂ ತೆರವು ಮಾಡಿಸಬೇಕಾಯಿತು. ನಮಾಜಿನ ನೆಲದಲ್ಲಿ ಸಾಹೇಬರ ಮಂಚ ಹಾಕುವುದು ಬಳಕೆಯಲ್ಲ, ಉದ್ಧಟತನ. ಗುಡಿಯಾಗಲಿ, ಮಸೀದಿಯಾಗಲಿ, ಬಸದಿಯಾಗಲಿ, ಯಾರ ಹಿರಿಯರು ಕಟ್ಟಿದರೋ ಮೊದಲ ಮಾತು ಅವರದು. ಒಂದು ಧರ್ಮದ್ದನ್ನು ಇನ್ನೊಂದರದ್ದಾಗಿಸಲು 1991ರ ಪೂಜಾಸ್ಥಳಗಳ ಕಾಯ್ದೆ ಬಿಡುವುದಿಲ್ಲ, ಬಿಡಲೂಬಾರದು. ಪುರಾತತ್ವ ಇಲಾಖೆಯ ಫಲಕವಿದ್ದಲ್ಲಿ ಮೊಳೆ ಹೊಡೆಯುವ ಮುನ್ನವೂ ಅವರನ್ನು ಕೇಳಿ.

ಉಳಿದ ಪಾಳು ಕಟ್ಟಡಗಳ ಬಗ್ಗೆ ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಲ್ಲಿ. ಪಂಚಾಯಿತಿಯ ಗ್ರಂಥಾಲಯಕ್ಕೆ, ಅಂದರೆ ಅರಿವು ಕೇಂದ್ರಕ್ಕೆ, ಜಾಗವಿಲ್ಲವೇ? ಗುಡಿಯ ಪೌಳಿಯಿದೆ. ಹತ್ತನೆಯ ತರಗತಿಯ ಹುಡುಗಿಯರಿಗೆ ಮನೆಯ ಗದ್ದಲದಲ್ಲಿ ಓದಲಾಗುತ್ತಿಲ್ಲವೇ? ಮಠದ ಪಡಸಾಲೆಯಿದೆ, ದಪ್ಪ ಗೋಡೆ, ಏಪ್ರಿಲ್ ಬಿಸಿಲಲ್ಲೂ ತಂಪು. ಗರ್ಭಗುಡಿ ಮುಟ್ಟಬೇಡಿ, ಶಾಸನದ ಕಲ್ಲಿಗೆ ಬಣ್ಣ ಬಳಿಯಬೇಡಿ. ಜಾತ್ರೆಯ ದಿನ ಪುಸ್ತಕ ಬದಿಗಿಟ್ಟು ಪೂಜೆ ಮಾಡಿಕೊಳ್ಳಿ. ಮಳೆಗಾಲ ಬರುವ ಮೊದಲು ಸೋರುವ ಮಾಳಿಗೆ ಸರಿಪಡಿಸಿ. ದುಡ್ಡೆಲ್ಲಿಂದ ಅಂತೀರಾ? ಈ ಸಲದ ಮದುವೆಗಳಲ್ಲಿ ಡಿಜೆಗೆ ಎಣಿಸುವ ನೋಟಿನಿಂದ ಐದನ್ನು ತೆಗೆದು, ಆ ಪಡಸಾಲೆಯ ದೀಪದ ಬಿಲ್ಲಿಗೆ ಕೊಡಿ.