ಸರಕಿಗೆ ತೆರೆದ ಬಾಗಿಲು ಸರಕಿನ ಒಡೆಯನಿಗೂ ತೆರೆಯಲಿ
ಶೆಂಗೆನ್ ವೀಸಾ ನಿಯಮಗಳು ಮತ್ತು ರಾಜ್ಯದ ಸಣ್ಣ ರಫ್ತುದಾರರು

ಭಾರತ ಮತ್ತು ಐರೋಪ್ಯ ಒಕ್ಕೂಟದ ನಡುವಿನ ಮುಕ್ತ ವ್ಯಾಪಾರ ಒಪ್ಪಂದದ ಮಾತುಕತೆಗಳು ಮುಕ್ತಾಯಗೊಂಡಿವೆಯೆಂದು 2026ರ ಜನವರಿ 27ರಂದು ನವದೆಹಲಿಯಲ್ಲಿ ಘೋಷಿಸಲಾಯಿತು. ಅದಕ್ಕೂ ಮುನ್ನ ಸ್ವಿಟ್ಜರ್ಲೆಂಡ್, ನಾರ್ವೆ, ಐಸ್‌ಲ್ಯಾಂಡ್ ಮತ್ತು ಲಿಕ್ಟನ್‌ಸ್ಟೈನ್ ದೇಶಗಳೊಡನೆ 2024ರ ಮಾರ್ಚ್ 10ರಂದು ಸಹಿಯಾದ ಒಪ್ಪಂದವು 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿತು. ಈ ಎರಡೂ ಬೆಳವಣಿಗೆಗಳನ್ನು ವಾಣಿಜ್ಯ ವಲಯವು ಸಹಜವಾಗಿಯೇ ಸ್ವಾಗತಿಸಿದೆ. ಯಾವ ಸರಕಿಗೆ ಎಷ್ಟು ಸುಂಕ ಇಳಿಯುತ್ತದೆ, ಎಷ್ಟು ವರ್ಷಗಳಲ್ಲಿ ಇಳಿಯುತ್ತದೆ ಎಂಬ ಚರ್ಚೆ ಎಲ್ಲೆಡೆ ನಡೆದಿದೆ. ಆದರೆ ಆ ಸರಕನ್ನು ಮಾರಲು ಹೋಗಬೇಕಾದ ಮನುಷ್ಯನು ಗಡಿಯನ್ನು ದಾಟುವುದು ಹೇಗೆ ಎಂಬ ಪ್ರಶ್ನೆಗೆ ಅಷ್ಟೇ ಗಮನ ದೊರೆತಿಲ್ಲ.

ದೊಡ್ಡ ಕಂಪನಿಗಳಿಗೆ ಇದು ದೊಡ್ಡ ಸಮಸ್ಯೆಯಲ್ಲ. ಅವುಗಳಿಗೆ ಯೂರೋಪಿನಲ್ಲಿಯೇ ಕಚೇರಿಗಳಿವೆ; ಪ್ರಯಾಣದ ಕಾಗದಪತ್ರಗಳನ್ನು ನೋಡಿಕೊಳ್ಳಲು ಪ್ರತ್ಯೇಕ ವಿಭಾಗಗಳಿವೆ. ಪೀಣ್ಯದ ಯಂತ್ರಭಾಗ ತಯಾರಕ, ಬೆಳಗಾವಿಯ ಎರಕದ ಉದ್ಯಮಿ, ಹುಬ್ಬಳ್ಳಿಯ ವಾಲ್ವ್ ತಯಾರಕ, ಚಿಕ್ಕಮಗಳೂರಿನ ಕಾಫಿ ರಫ್ತುದಾರ ಇವರ ಸ್ಥಿತಿ ಬೇರೆ. ಇಲ್ಲಿ ಮಾಲೀಕನೇ ಮಾರಾಟಗಾರ, ಮಾಲೀಕನೇ ತಂತ್ರಜ್ಞ. ಹ್ಯಾನೋವರ್ ಅಥವಾ ಕಲೋನ್ ನಗರದ ಮೇಳದಲ್ಲಿ ಮಳಿಗೆಗೆ ಮುಂಗಡ ಹಣ ಕಟ್ಟಿ, ಮಾದರಿಗಳನ್ನು ವಿಮಾನದಲ್ಲಿ ಕಳುಹಿಸಿದ ಮೇಲೆ ವೀಸಾ ತಿರಸ್ಕೃತವಾದರೆ ನಷ್ಟವಾಗುವುದು ಶುಲ್ಕವಷ್ಟೇ ಅಲ್ಲ. ಎರಡು ವರ್ಷಕ್ಕೊಮ್ಮೆ ನಡೆಯುವ ಮೇಳವಾದರೆ ಮುಂದಿನ ಅವಕಾಶಕ್ಕೆ ಎರಡು ವರ್ಷ ಕಾಯಬೇಕು. ಅಷ್ಟರಲ್ಲಿ ಗ್ರಾಹಕನು ಬೇರೆ ದೇಶದ ಪೂರೈಕೆದಾರನನ್ನು ಹುಡುಕಿಕೊಂಡಿರುತ್ತಾನೆ.

ನಿಯಮದ ಸ್ವರೂಪ

ಲಕ್ಸೆಂಬರ್ಗ್ ದೇಶದ ಶೆಂಗೆನ್ ಎಂಬ ಪುಟ್ಟ ಗ್ರಾಮದಲ್ಲಿ 1985ರ ಜೂನ್ 14ರಂದು ಐದು ದೇಶಗಳು ಮಾಡಿಕೊಂಡ ಒಪ್ಪಂದ ಈ ವ್ಯವಸ್ಥೆಯ ಮೂಲ. ಬಲ್ಗೇರಿಯಾ ಮತ್ತು ರುಮೇನಿಯಾಗಳು 2025ರ ಜನವರಿ 1ರಂದು ಪೂರ್ಣವಾಗಿ ಸೇರಿದ ಬಳಿಕ ಇದರ ಸದಸ್ಯ ದೇಶಗಳ ಸಂಖ್ಯೆ 29 ಆಯಿತು. ಐರೋಪ್ಯ ಒಕ್ಕೂಟಕ್ಕೂ ಶೆಂಗೆನ್ ವಲಯಕ್ಕೂ ವ್ಯತ್ಯಾಸವಿದೆ. ಐರ್ಲೆಂಡ್ ಒಕ್ಕೂಟದಲ್ಲಿದ್ದರೂ ಶೆಂಗೆನ್ ವಲಯದಲ್ಲಿಲ್ಲ. ಸ್ವಿಟ್ಜರ್ಲೆಂಡ್ ಮತ್ತು ನಾರ್ವೆ ಒಕ್ಕೂಟದಲ್ಲಿಲ್ಲದಿದ್ದರೂ ಶೆಂಗೆನ್ ವಲಯದಲ್ಲಿವೆ.

ಯಾವ ದೇಶದ ದೂತಾವಾಸಕ್ಕೆ ಅರ್ಜಿ ಸಲ್ಲಿಸಬೇಕೆಂಬುದು ಅರ್ಜಿದಾರನ ಇಷ್ಟಕ್ಕೆ ಬಿಟ್ಟ ವಿಷಯವಲ್ಲ. ಪ್ರಯಾಣದ ಮುಖ್ಯ ಉದ್ದೇಶ ಅಥವಾ ಹೆಚ್ಚು ದಿನಗಳ ವಾಸ ಯಾವ ದೇಶದಲ್ಲಿದೆಯೋ ಅಲ್ಲಿಗೇ ಅರ್ಜಿ ಹೋಗಬೇಕು. ಅದನ್ನು ನಿರ್ಧರಿಸಲಾಗದಿದ್ದಾಗ ಮಾತ್ರ ಮೊದಲು ಕಾಲಿಡುವ ದೇಶಕ್ಕೆ. ಜರ್ಮನಿಯ ಮೇಳಕ್ಕೆ ಹೋಗುವವನು, ಬೇಗನೆ ಭೇಟಿಯ ದಿನಾಂಕ ಸಿಕ್ಕಿತೆಂದು ಬೇರೊಂದು ದೇಶಕ್ಕೆ ಪ್ರವಾಸಿಯೆಂದು ಅರ್ಜಿ ಹಾಕುವುದು ನಿಯಮಬಾಹಿರ. ಮಧ್ಯವರ್ತಿಗಳು ಇದನ್ನು ಜಾಣತನವೆಂದು ಮಾರುತ್ತಾರೆ. ಗಡಿಯ ಅಧಿಕಾರಿಯ ಎದುರು ಅದಕ್ಕೆ ಉತ್ತರ ಕೊಡಬೇಕಾದವನು ಮಾತ್ರ ಪ್ರಯಾಣಿಕ. ವೀಸಾ ಇದ್ದ ಮಾತ್ರಕ್ಕೆ ಪ್ರವೇಶ ಖಚಿತವಲ್ಲ. ಉದ್ದೇಶ, ಹಣಕಾಸು ಮತ್ತು ವಸತಿಯ ದಾಖಲೆಗಳನ್ನು ಗಡಿಯಲ್ಲಿ ಮತ್ತೊಮ್ಮೆ ಕೇಳುವ ಅಧಿಕಾರ ಅವರಿಗಿದೆ.

ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಸಲ್ಲಿಸಬಹುದು. ಕನಿಷ್ಠ 15 ದಿನ ಮೊದಲು ಸಲ್ಲಿಸಲೇಬೇಕು. ಸಾಮಾನ್ಯವಾಗಿ 15 ದಿನಗಳಲ್ಲಿ ತೀರ್ಮಾನವಾಗಬೇಕಾದರೂ ಅದನ್ನು 45 ದಿನಗಳವರೆಗೆ ವಿಸ್ತರಿಸಲು ಅವಕಾಶವಿದೆ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಪಾಸ್‌ಪೋರ್ಟ್ ಹಿಂದಿನ ಹತ್ತು ವರ್ಷಗಳೊಳಗೆ ನೀಡಿದ್ದಾಗಿರಬೇಕು ಮತ್ತು ವಲಯದಿಂದ ಹೊರಬರುವ ದಿನದ ನಂತರವೂ ಕನಿಷ್ಠ ಮೂರು ತಿಂಗಳ ಅವಧಿ ಉಳಿದಿರಬೇಕು.

90 ದಿನಗಳ ಲೆಕ್ಕಾಚಾರ

ಅತಿ ಹೆಚ್ಚು ತಪ್ಪುಗಳಾಗುವುದು ವಾಸದ ದಿನಗಳ ಲೆಕ್ಕದಲ್ಲಿ. ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನಗಳಿಗಿಂತ ಹೆಚ್ಚು ಕಾಲ ವಲಯದೊಳಗೆ ಇರುವಂತಿಲ್ಲ. ಈ 180 ದಿನಗಳು ಜನವರಿ ಒಂದರಂದು ಹೊಸದಾಗಿ ಆರಂಭವಾಗುವ ಅರ್ಧವರ್ಷವಲ್ಲ. ವಲಯದೊಳಗಿರುವ ಪ್ರತಿ ದಿನದಿಂದಲೂ ಹಿಂದಕ್ಕೆ ಎಣಿಸುವ, ದಿನದಿನಕ್ಕೂ ಮುಂದೆ ಸರಿಯುವ ಅವಧಿ ಅದು. ಬಂದ ದಿನ, ಹೊರಟ ದಿನ ಎರಡನ್ನೂ ಎಣಿಸಲಾಗುತ್ತದೆ.

ಉದಾಹರಣೆಗೆ, ಬಹುಪ್ರವೇಶ ವೀಸಾ ಹೊಂದಿದ ವ್ಯಕ್ತಿಯೊಬ್ಬ ನವೆಂಬರ್ 1ರಿಂದ ಡಿಸೆಂಬರ್ 31ರವರೆಗೆ 61 ದಿನ ಯೂರೋಪಿನಲ್ಲಿದ್ದು ಮರಳುತ್ತಾನೆ. ಹೊಸ ವರ್ಷಕ್ಕೆ ಹೊಸ ಲೆಕ್ಕವೆಂದು ಭಾವಿಸಿ, ಅಧಿಕ ವರ್ಷವಲ್ಲದ ವರ್ಷದಲ್ಲಿ ಫೆಬ್ರವರಿ 1ರಿಂದ ಮಾರ್ಚ್ 10ರವರೆಗೆ 38 ದಿನ ಮತ್ತೆ ಅಲ್ಲಿರುತ್ತಾನೆ. ಒಟ್ಟು 99 ದಿನಗಳಾದವು. ಮಾರ್ಚ್ 1ಕ್ಕೆ ಅವನ 90 ದಿನ ತೀರಿದೆ; ಉಳಿದ 9 ದಿನ ಅಕ್ರಮ ವಾಸ. ಹಿಂದೆ ಪಾಸ್‌ಪೋರ್ಟಿನ ಮಸುಕಾದ ಮುದ್ರೆಗಳನ್ನು ನೋಡಿ ಇದನ್ನು ಪತ್ತೆ ಹಚ್ಚಬೇಕಿತ್ತು. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಜಾರಿಗೆ ಬಂದ ಪ್ರವೇಶ-ನಿರ್ಗಮನ ವ್ಯವಸ್ಥೆಯಲ್ಲಿ ಗಣಕಯಂತ್ರವೇ ದಿನಗಳನ್ನು ಎಣಿಸುತ್ತದೆ. ಅಜ್ಞಾನದಿಂದಾದ ತಪ್ಪಿಗೂ ಉದ್ದೇಶಪೂರ್ವಕ ತಪ್ಪಿಗೂ ಅದು ವ್ಯತ್ಯಾಸ ಮಾಡುವುದಿಲ್ಲ.

ವೀಸಾ ಚೀಟಿಯಲ್ಲಿ ಮಾನ್ಯತೆಯ ಅವಧಿ, ಪ್ರವೇಶಗಳ ಸಂಖ್ಯೆ ಮತ್ತು ವಾಸದ ದಿನಗಳು ಎಂಬ ಮೂರು ಪ್ರತ್ಯೇಕ ನಮೂದುಗಳಿರುತ್ತವೆ. ಮಾನ್ಯತೆ ಒಂದು ತಿಂಗಳಿದ್ದು ವಾಸದ ದಿನಗಳು 12 ಎಂದಿದ್ದರೆ ಹದಿಮೂರನೆಯ ದಿನ ಅಲ್ಲಿರುವ ಹಕ್ಕಿಲ್ಲ. ಹುಂಡಿಯ ದಿನಾಂಕವನ್ನು ಎಚ್ಚರಿಕೆಯಿಂದ ಓದುವ ವ್ಯಾಪಾರಿಯು ಈ ಚೀಟಿಯನ್ನೂ ಅಷ್ಟೇ ಎಚ್ಚರಿಕೆಯಿಂದ ಓದಬೇಕು.

ತಿರಸ್ಕಾರದ ಬೆಲೆ

2024ರಲ್ಲಿ ಭಾರತದಿಂದ ಸುಮಾರು 11 ಲಕ್ಷ ಶೆಂಗೆನ್ ಅರ್ಜಿಗಳು ಸಲ್ಲಿಕೆಯಾದವು, ಸುಮಾರು 1.65 ಲಕ್ಷ ತಿರಸ್ಕೃತವಾದವು. ಅಂದರೆ ನೂರಕ್ಕೆ ಹದಿನೈದು. ಇದರಲ್ಲಿ ಪ್ರವಾಸಿಗರು, ಬಂಧುಗಳನ್ನು ಕಾಣಲು ಹೊರಟವರು, ವ್ಯಾಪಾರಿಗಳು ಎಲ್ಲರೂ ಸೇರಿದ್ದಾರೆ. ವಯಸ್ಕರ ಶುಲ್ಕ ಆ ವರ್ಷದ ಜೂನ್ 11ರಿಂದ 80 ಯೂರೋಗಳಿಂದ 90 ಯೂರೋಗಳಿಗೆ ಏರಿತು. ತಿರಸ್ಕೃತರೆಲ್ಲರೂ ವಯಸ್ಕರೆಂದು ಭಾವಿಸಿ ಹಳೆಯ ದರದಲ್ಲಿಯೇ ಲೆಕ್ಕ ಹಾಕಿದರೂ 1.32 ಕೋಟಿ ಯೂರೋ ಆಗುತ್ತದೆ. ಯೂರೋ ಒಂದಕ್ಕೆ 90 ರೂಪಾಯಿಯಂತೆ ಸುಮಾರು 119 ಕೋಟಿ ರೂಪಾಯಿ. ಅರ್ಜಿ ತಿರಸ್ಕೃತವಾದರೆ ಈ ಹಣ ಮರಳುವುದಿಲ್ಲ. ಕೇಂದ್ರಗಳ ಸೇವಾ ಶುಲ್ಕ, ವಿಮೆ, ಊರಿನಿಂದ ಬೆಂಗಳೂರಿಗೆ ಓಡಾಟದ ವೆಚ್ಚ ಇವೆಲ್ಲ ಪ್ರತ್ಯೇಕ.

ತಿರಸ್ಕಾರಕ್ಕೆ ಕಾರಣ ನೀಡಬೇಕೆಂಬ ನಿಯಮವೇನೋ ಇದೆ. ಆದರೆ ಅದು ಮುದ್ರಿತ ನಮೂನೆಯಲ್ಲಿ ಗುರುತು ಹಾಕಿದ ಒಂದೆರಡು ಸಾಲು. ಮೇಲ್ಮನವಿಯ ಹಕ್ಕು ಆಯಾ ದೇಶದ ಕಾನೂನಿಗೆ ಒಳಪಟ್ಟಿದೆ. ದೂತಾವಾಸಕ್ಕೇ ಮರುಪರಿಶೀಲನೆ ಕೋರುವ ಸುಲಭ ಮಾರ್ಗವನ್ನು ಜರ್ಮನಿಯು 2025ರ ಜುಲೈ 1ರಿಂದ ಕೈಬಿಟ್ಟಿದೆ. ಅಲ್ಲಿಂದೀಚೆಗೆ ಉಳಿದಿರುವುದು ಹೊಸ ಅರ್ಜಿ, ಇಲ್ಲವೇ ಬರ್ಲಿನ್ನಿನ ನ್ಯಾಯಾಲಯ. ಮೇಳಕ್ಕೆ ಮೂರು ವಾರ ಬಾಕಿಯಿರುವ ಸಣ್ಣ ಉದ್ಯಮಿಗೆ ಇವೆರಡರಿಂದಲೂ ಪ್ರಯೋಜನವಿಲ್ಲ. ಇತ್ತ ಭಾರತಕ್ಕೆ ಬರುವ ಜರ್ಮನ್ ವ್ಯಾಪಾರಿಯು ತನ್ನ ಮನೆಯಲ್ಲಿಯೇ ಕುಳಿತು ಅಂತರ್ಜಾಲದ ಮೂಲಕ ವ್ಯಾಪಾರದ ಇ-ವೀಸಾ ಪಡೆಯಬಲ್ಲ. ಈ ಅಸಮಾನತೆ ನ್ಯಾಯವೆನಿಸದು.

ಸ್ವಂತ ಮನೆಯ ದೋಷ

ಹಾಗೆಂದು ಎಲ್ಲ ತಪ್ಪನ್ನೂ ದೂತಾವಾಸಗಳ ಮೇಲೆ ಹೊರಿಸುವುದೂ ಪ್ರಾಮಾಣಿಕವಲ್ಲ. ಅಧಿಕಾರಿಯ ಮುಂದೆ ಅರ್ಜಿದಾರನಿರುವುದಿಲ್ಲ, ಅವನ ಕಾಗದಗಳಿರುತ್ತವೆ. ವರ್ಷಕ್ಕೆ ಐದು ಲಕ್ಷ ರೂಪಾಯಿ ಆದಾಯ ಘೋಷಿಸಿದ ಮಾಲೀಕ ಹತ್ತು ದಿನಗಳ ಪ್ರಯಾಣಕ್ಕೆ ನಾಲ್ಕು ಲಕ್ಷ ಖರ್ಚು ಮಾಡುವುದಾಗಿ ಹೇಳಿದರೆ ನಂಬುವವರು ಯಾರು? ಅರ್ಜಿಗೆ ವಾರ ಮೊದಲು ಬ್ಯಾಂಕ್ ಖಾತೆಗೆ ದೊಡ್ಡ ಮೊತ್ತ ಬಂದು ಕುಳಿತರೆ ಅದು ಸಂಪತ್ತಿನ ಸಾಕ್ಷಿಯಾಗದೆ ಸಂಶಯದ ಮೂಲವಾಗುತ್ತದೆ. ತೆರಿಗೆ ಉಳಿಸಲು ಕುಗ್ಗಿಸಿದ ಲೆಕ್ಕವೇ ವೀಸಾ ಕಚೇರಿಯಲ್ಲಿ ಎದುರು ಸಾಕ್ಷಿ ಹೇಳುತ್ತದೆ. ಜಿಎಸ್‌ಟಿ ವಿವರಪಟ್ಟಿ, ಆದಾಯ ತೆರಿಗೆ ವಿವರಪಟ್ಟಿ, ಬ್ಯಾಂಕ್ ಖಾತೆ, ಆಹ್ವಾನ ಪತ್ರ ಈ ನಾಲ್ಕೂ ಒಂದೇ ಕಥೆಯನ್ನು ಹೇಳಬೇಕು. ಸ್ವಚ್ಛ ಲೆಕ್ಕಪತ್ರವು ತೆರಿಗೆ ಇಲಾಖೆಗಷ್ಟೇ ಬೇಕಾದುದೆಂಬ ಭಾವನೆ ಇನ್ನಾದರೂ ತೊಲಗಬೇಕು.

ಸಚ್ಚಾರಿತ್ರ್ಯಕ್ಕೆ ಪ್ರತಿಫಲವೂ ಇದೆ. 2024ರ ಏಪ್ರಿಲ್ 18ರಂದು ಐರೋಪ್ಯ ಆಯೋಗವು ಭಾರತದಲ್ಲಿ ವಾಸಿಸುವ ಭಾರತೀಯರಿಗಾಗಿ ವಿಶೇಷ ನಿಯಮವನ್ನು ಅಂಗೀಕರಿಸಿತು. ಹಿಂದಿನ ಮೂರು ವರ್ಷಗಳಲ್ಲಿ ಎರಡು ವೀಸಾ ಪಡೆದು ಕ್ರಮಬದ್ಧವಾಗಿ ಬಳಸಿದವರಿಗೆ ಎರಡು ವರ್ಷಗಳ ಬಹುಪ್ರವೇಶ ವೀಸಾ, ಅನಂತರ ಸಾಮಾನ್ಯವಾಗಿ ಐದು ವರ್ಷಗಳದ್ದು. ಪಾಸ್‌ಪೋರ್ಟಿನಲ್ಲಿ ಸಾಕಷ್ಟು ಅವಧಿ ಉಳಿದಿರಬೇಕು. ಸಕಾಲಕ್ಕೆ ಕಂತು ಕಟ್ಟಿದವನಿಗೆ ಬ್ಯಾಂಕು ಸಾಲದ ಮಿತಿಯನ್ನು ಏರಿಸುವಂತೆಯೇ ಇದು. ಇದನ್ನು ಅರಿತವನು ಮೊದಲ ಎರಡು ವೀಸಾಗಳನ್ನು ಬಂಡವಾಳದಂತೆ ಕಾಪಾಡಿಕೊಳ್ಳುತ್ತಾನೆ. ಅಡ್ಡದಾರಿ ಹಿಡಿದವನು ಈ ಬಂಡವಾಳವನ್ನೇ ಕಳೆದುಕೊಳ್ಳುತ್ತಾನೆ.

ಆಗಬೇಕಾದುದು ಏನು?

ಮೊದಲನೆಯದಾಗಿ, ಕೇಂದ್ರ ಸರ್ಕಾರವು ಐರೋಪ್ಯ ಒಕ್ಕೂಟದೊಡನೆ ವೀಸಾ ಸರಳೀಕರಣ ಒಪ್ಪಂದಕ್ಕೆ ಒತ್ತಾಯಿಸಬೇಕು. ವ್ಯಾಪಾರ ಒಪ್ಪಂದದಲ್ಲಿ ವೃತ್ತಿಪರರ ಸಂಚಾರದ ಮಾತು ಎಷ್ಟೇ ಇರಲಿ, ಅದು ವೀಸಾದ ಅಗತ್ಯವನ್ನು ನಿವಾರಿಸುವುದಿಲ್ಲ. ಅರ್ಮೇನಿಯಾ, ಅಜರ್‌ಬೈಜಾನ್‌ಗಳಂತಹ ಸಣ್ಣ ದೇಶಗಳು ಇಂತಹ ಒಪ್ಪಂದ ಮಾಡಿಕೊಂಡು ಶುಲ್ಕವನ್ನು 35 ಯೂರೋಗೆ ಇಳಿಸಿಕೊಂಡಿವೆ. ಅಲ್ಲಿನ ವ್ಯಾಪಾರಿಗೆ ಪ್ರಯಾಣದ ಉದ್ದೇಶವನ್ನು ತೋರಿಸಲು ಆತಿಥೇಯ ಕಂಪನಿಯ ಲಿಖಿತ ಮನವಿಯೇ ಸಾಕು. ಇದಕ್ಕೆ ಬೆಲೆಯೂ ಇದೆ: ಅಕ್ರಮವಾಗಿ ಉಳಿದ ತನ್ನ ಪ್ರಜೆಗಳನ್ನು ಮರಳಿ ಪಡೆಯುವ ಒಪ್ಪಂದಕ್ಕೂ ಆಯಾ ದೇಶ ಜೊತೆಯಲ್ಲಿಯೇ ಸಹಿ ಹಾಕಿದೆ. ಸಾವಿರಾರು ಪ್ರಾಮಾಣಿಕ ಉದ್ಯಮಿಗಳ ಹಿತಕ್ಕಾಗಿ ಭಾರತವೂ ಆ ಬೆಲೆಯನ್ನು ತೆರಲು ಹಿಂಜರಿಯಬಾರದು.

ಎರಡನೆಯದಾಗಿ, ವಾಣಿಜ್ಯ ಸಂಸ್ಥೆಗಳು ತಮ್ಮ ಶಿಫಾರಸು ಪತ್ರದ ಮೌಲ್ಯವನ್ನು ಉಳಿಸಿಕೊಳ್ಳಬೇಕು. ಸದಸ್ಯತ್ವ ಶುಲ್ಕ ಕಟ್ಟಿದವರಿಗೆಲ್ಲ ಒಂದೇ ಒಕ್ಕಣೆಯ ಪತ್ರ ನೀಡುವ ಪದ್ಧತಿ ಎಲ್ಲಿದ್ದರೂ ಅದು ಪತ್ರವನ್ನು ಬರಿಯ ಕಾಗದವಾಗಿಸುತ್ತದೆ. ಎಲ್ಲರ ಹುಂಡಿಗೂ ಕಣ್ಣುಮುಚ್ಚಿ ಸಹಿ ಹಾಕುವ ಜಾಮೀನುದಾರನ ಸಹಿಗೆ ಪೇಟೆಯಲ್ಲಿ ಬೆಲೆಯಿರುವುದಿಲ್ಲ. ರಫ್ತಿನ ದಾಖಲೆ, ಮೂರು ವರ್ಷಗಳ ವಿವರಪಟ್ಟಿ, ಮೇಳದ ನೋಂದಣಿ ಇವನ್ನು ಪರಿಶೀಲಿಸಿದ ಬಳಿಕವೇ ಪತ್ರ ನೀಡಬೇಕು. ಪತ್ರ ಪಡೆದು ಹೋದವರು ನಿಗದಿತ ದಿನಕ್ಕೆ ಮರಳಿದ್ದನ್ನು ದಾಖಲಿಸುವ ವಹಿಯೊಂದು ಸಂಸ್ಥೆಯಲ್ಲಿರಬೇಕು. ಮರಳದವರಿಗೆ ಪತ್ರ ನೀಡುವುದು ನಿಲ್ಲಬೇಕು. ಐದು ವರ್ಷಗಳ ಶುದ್ಧ ವಹಿಯನ್ನು ಮುಂದಿಟ್ಟು ಮಾತನಾಡುವ ಸಂಸ್ಥೆಯ ಮಾತನ್ನು ದೂತಾವಾಸವೂ ಸುಲಭವಾಗಿ ತಳ್ಳಿಹಾಕದು.

ಮೂರನೆಯದಾಗಿ, ಜಿಲ್ಲಾ ಮಟ್ಟದ ಸಂಸ್ಥೆಗಳಲ್ಲಿ ಪ್ರಯಾಣ ಮಾಹಿತಿ ಘಟಕಗಳು ಆರಂಭವಾಗಬೇಕು. ಮೇಳದ ದಿನಾಂಕಕ್ಕೆ ಆರು ತಿಂಗಳು ಮುಂಚೆಯೇ ಸದಸ್ಯರನ್ನು ಎಚ್ಚರಿಸುವುದು, 90 ದಿನಗಳ ಲೆಕ್ಕವನ್ನು ಪರಿಶೀಲಿಸಿ ಕೊಡುವುದು, ತಿರಸ್ಕಾರದ ಕಾರಣಗಳನ್ನು ಕಲೆಹಾಕುವುದು ಇವು ದೊಡ್ಡ ವೆಚ್ಚದ ಕೆಲಸಗಳಲ್ಲ. ಹೀಗೆ ಕಲೆಹಾಕಿದ ವಿವರವಿದ್ದರೆ ಸರ್ಕಾರದ ಮುಂದೆ ಮಂಡಿಸುವ ಮನವಿಗೆ ಅಂಕಿಅಂಶಗಳ ಬಲ ಬರುತ್ತದೆ.

ಸುಂಕದ ಇಳಿಕೆಯಿಂದ ದೊರೆಯುವ ಲಾಭ ಶೇಕಡಾವಾರು ಲೆಕ್ಕದ್ದು. ಗ್ರಾಹಕನ ಮುಂದೆ ಕುಳಿತು, ಮಾದರಿಯನ್ನು ಅವನ ಕೈಗಿತ್ತು ಗಳಿಸುವ ವಿಶ್ವಾಸವನ್ನು ಶೇಕಡಾವಾರು ಅಳೆಯಲಾಗದು. ಆ ಭೇಟಿಯೇ ಸಾಧ್ಯವಾಗದಿದ್ದರೆ ಒಪ್ಪಂದದ ಫಲ ಈಗಾಗಲೇ ಯೂರೋಪಿನಲ್ಲಿ ನೆಲೆಯೂರಿರುವ ದೊಡ್ಡವರ ಪಾಲಾಗುತ್ತದೆ. ಸಣ್ಣ ಉದ್ಯಮಿಗೆ ಸುಂಕದ ಪಟ್ಟಿಯಷ್ಟೇ ಉಳಿಯುತ್ತದೆ. ಒಪ್ಪಂದವು ಜಾರಿಗೆ ಬರುವ ಮುನ್ನವೇ ಸರ್ಕಾರವೂ ವಾಣಿಜ್ಯ ಸಂಸ್ಥೆಗಳೂ ಈ ನಿಟ್ಟಿನಲ್ಲಿ ಕಾರ್ಯಪ್ರವೃತ್ತವಾಗುವುದು ಅಗತ್ಯ.