ಸ್ಕ್ಯಾನಿಂಗ್ ಹೊರಗುತ್ತಿಗೆ: ಕಾಗದ ಹೊರಹೋದರೂ ಹೊಣೆ ಹೋಗದು

ಮುಂಬೈ, ಪುಣೆಯಂಥ ನಗರಗಳಲ್ಲಿ ಕಡತ ತುಂಬಿದ ಕಪಾಟಿಗೂ ಬಾಡಿಗೆ ತೆರಬೇಕು. ಲೆಕ್ಕಪರಿಶೋಧಕರ ಕಚೇರಿ, ಕ್ಲಿನಿಕ್, ಹೋಟೆಲ್, ಹೌಸಿಂಗ್ ಸೊಸೈಟಿಗಳು ಹಳೆಯ ದಾಖಲೆಗಳನ್ನು ಸ್ಕ್ಯಾನಿಂಗ್ ಏಜೆನ್ಸಿಗೆ ಒಪ್ಪಿಸಲು ಇದೂ ಒಂದು ಕಾರಣ. ಮಾತುಕತೆ ಹೆಚ್ಚಾಗಿ ‘ಪುಟಕ್ಕೆ ಎಷ್ಟು?’ ಎಂಬಲ್ಲಿಗೇ ಮುಗಿಯುತ್ತದೆ. ಆದರೆ ಈಗ ಕೇಳಬೇಕಾದ ಪ್ರಶ್ನೆ ಬೇರೆ. ಆ ಪುಟದಲ್ಲಿರುವ ಮಾಹಿತಿ ಸೋರಿಕೆಯಾದರೆ ಉತ್ತರ ಕೊಡಬೇಕಾದವರು ಯಾರು?

ಸ್ಕ್ಯಾನ್ ಆದ ಕ್ಷಣವೇ ಕಾನೂನು

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕಪಾಟಿನಲ್ಲಿರುವ ಕಾಗದಕ್ಕೆ ಅನ್ವಯಿಸುವುದಿಲ್ಲ. ಆದರೆ ಕಾಗದದಲ್ಲಿ ಪಡೆದ ವೈಯಕ್ತಿಕ ಮಾಹಿತಿಯನ್ನು ನಂತರ ಡಿಜಿಟಲ್ ರೂಪಕ್ಕೆ ತಂದರೆ ಅನ್ವಯಿಸುತ್ತದೆ. ಅಂದರೆ, ನೌಕರರ ಆಧಾರ್ ಪ್ರತಿ ಅಥವಾ ರೋಗಿಯ ವರದಿ ಸ್ಕ್ಯಾನರ್‌ನಿಂದ ಹೊರಬಂದ ಕೂಡಲೇ ಕಾಯ್ದೆಯ ವ್ಯಾಪ್ತಿಗೆ ಸೇರುತ್ತದೆ.

ಕೆಲಸ ಮಾಡಿದ್ದು ಏಜೆನ್ಸಿಯಾದರೂ ಕಾಯ್ದೆಯ ಪ್ರಕಾರ ಹೊಣೆ ಮಾಹಿತಿ ಸಂಗ್ರಹಿಸಿದ ಸಂಸ್ಥೆಯದ್ದೇ. ಭದ್ರತಾ ಕ್ರಮಗಳಲ್ಲಿ ಲೋಪವಾದರೆ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ. ಲೋಪದ ಗಂಭೀರತೆ ನೋಡಿ ಮೊತ್ತ ನಿಗದಿಯಾಗುವುದರಿಂದ ಸಣ್ಣ ಕಚೇರಿಗೆ ಅಷ್ಟು ದಂಡ ಬೀಳದಿರಬಹುದು. ಆದರೆ ‘ಏಜೆನ್ಸಿಯವರು ಮಾಡಿದ್ದು’ ಎಂದು ಹೇಳಿ ಪಾರಾಗಲು ಸಾಧ್ಯವಿಲ್ಲ.

ಈ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಪ್ರಮುಖ ಹೊಣೆಗಾರಿಕೆಗಳು 18 ತಿಂಗಳ ನಂತರ, ಅಂದರೆ 2027ರ ಮೇ ತಿಂಗಳಲ್ಲಿ ಜಾರಿಗೆ ಬರಲಿವೆ. ಆಗ ಸೋರಿಕೆಯ ಪೂರ್ಣ ವಿವರವನ್ನು 72 ಗಂಟೆಯೊಳಗೆ ದತ್ತಾಂಶ ಸಂರಕ್ಷಣಾ ಮಂಡಳಿಗೆ ಸಲ್ಲಿಸಬೇಕು. ಇಂದು ಸ್ಕ್ಯಾನ್ ಮಾಡಿಸಿದ ಕಡತಗಳು ಅಂದೂ ಕಂಪ್ಯೂಟರ್‌ನಲ್ಲೇ ಇರುತ್ತವೆ ಎಂಬುದನ್ನು ಮರೆಯುವಂತಿಲ್ಲ.

ಹಾಗಾದರೆ ಹೊರಗುತ್ತಿಗೆ ಬೇಡವೇ?

ಹಾಗೇನಿಲ್ಲ. ಪಿನ್ ತೆಗೆಯುವುದು, ಮಡಿಕೆ ಬಿಡಿಸುವುದು, ಸ್ಕ್ಯಾನ್ ಮಾಡುವುದು, ಪ್ರತಿ ಫೈಲಿಗೂ ಹೆಸರು ಮತ್ತು ವರ್ಷ ನಮೂದಿಸುವುದು ದಿನಗಟ್ಟಲೆ ಹಿಡಿಯುವ ಕೆಲಸ. ನಾಲ್ಕೈದು ಮಂದಿಯ ಕಚೇರಿಯಲ್ಲಿ ಇದಕ್ಕೆ ಬಿಡುವು ಸಿಗುವುದು ಕಷ್ಟ. ಆದರೆ ಕಡಿಮೆ ದರಕ್ಕೆ ಒಪ್ಪಿದವರು ಹೆಸರು ನಮೂದಿಸುವ ಕೆಲಸವನ್ನೇ ಬಿಟ್ಟರೆ, ಬೇಕಾದ ಬಿಲ್ ಹುಡುಕಲು ಕಪಾಟಿಗಿಂತ ಕಂಪ್ಯೂಟರೇ ಹೆಚ್ಚು ಸತಾಯಿಸುತ್ತದೆ.

ಮೂಲ ಪ್ರತಿಗಳನ್ನು ರದ್ದಿಗೆ ಹಾಕುವ ಆತುರವೂ ಸಲ್ಲದು. ಜಿಎಸ್‌ಟಿ ಕಾನೂನಿನಂತೆ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಕೆಯ ಕೊನೆಯ ದಿನಾಂಕದಿಂದ 72 ತಿಂಗಳು, ಕಂಪನಿ ಕಾಯ್ದೆಯಂತೆ 8 ಹಣಕಾಸು ವರ್ಷ ಕಾಪಾಡಬೇಕು. ಇನ್ನು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಕಾರ, ಎಲೆಕ್ಟ್ರಾನಿಕ್ ದಾಖಲೆಯನ್ನು ನ್ಯಾಯಾಲಯದಲ್ಲಿ ಹಾಜರುಪಡಿಸುವಾಗ ಪ್ರಮಾಣಪತ್ರ ಬೇಕು. ಅದರಲ್ಲಿ ಫೈಲಿನ ಬೆರಳಚ್ಚಿನಂತಿರುವ ‘ಹ್ಯಾಶ್’ ಸಂಖ್ಯೆಯನ್ನೂ ನಮೂದಿಸಬೇಕು. ಉಯಿಲು, ಆಸ್ತಿಪತ್ರಗಳ ವಿಷಯದಲ್ಲಂತೂ ಸ್ಕ್ಯಾನ್ ಪ್ರತಿ ಮೂಲಕ್ಕೆ ಪರ್ಯಾಯವಲ್ಲ.

ಒಪ್ಪಂದದಲ್ಲಿ ಏನಿರಬೇಕು?

* ಸ್ಕ್ಯಾನಿಂಗ್ ಎಲ್ಲಿ ನಡೆಯುತ್ತದೆ? ಸೂಕ್ಷ್ಮ ದಾಖಲೆಗಳಾದರೆ ಯಂತ್ರ, ಸಿಬ್ಬಂದಿ ನಿಮ್ಮ ಕಚೇರಿಗೇ ಬರುವುದು ಲೇಸು.
* ಎಷ್ಟು ಪೆಟ್ಟಿಗೆ, ಎಷ್ಟು ಕಡತ ಹೋಯಿತು, ಎಷ್ಟು ಮರಳಿತು ಎಂಬುದಕ್ಕೆ ಸಹಿ ಹಾಕಿದ ಪಟ್ಟಿ.
* ಕೆಲಸ ಮುಗಿದ ಮೇಲೆ ಏಜೆನ್ಸಿಯ ಕಂಪ್ಯೂಟರ್, ಪೆನ್‌ಡ್ರೈವ್‌ಗಳಿಂದ ಪ್ರತಿಗಳನ್ನು ಅಳಿಸಿದ ಬಗ್ಗೆ ಲಿಖಿತ ಖಾತರಿ.
* ಕೆಲಸವನ್ನು ಮತ್ತೊಬ್ಬರಿಗೆ ಒಳಗುತ್ತಿಗೆ ಕೊಡಬಾರದೆಂಬ ಷರತ್ತು.
* ಸೋರಿಕೆ ತಿಳಿದ ಕೂಡಲೇ ಮಾಹಿತಿ ನೀಡುವ ಬದ್ಧತೆ.

ಎಲ್ಲವನ್ನೂ ಸ್ಕ್ಯಾನ್ ಮಾಡಿಸಬೇಕೆಂದೂ ಇಲ್ಲ. ಅವಧಿ ಮುಗಿದು ಯಾವ ಉಪಯೋಗಕ್ಕೂ ಬಾರದ ವೈಯಕ್ತಿಕ ದಾಖಲೆಗಳನ್ನು ಮೊದಲೇ ಬೇರ್ಪಡಿಸಿ ನಾಶಪಡಿಸಿದರೆ ಖರ್ಚೂ ತಗ್ಗುತ್ತದೆ, ಹೊಣೆಯೂ ತಗ್ಗುತ್ತದೆ. ಪುಟದ ದರದಲ್ಲಿ ಉಳಿಯುವ ಕೆಲವು ಪೈಸೆಗಿಂತ ಈ ವಿಂಗಡಣೆಯಿಂದ ಆಗುವ ಉಳಿತಾಯವೇ ದೊಡ್ಡದು.